ಏರು ದಾರಿ ಲೆಕ್ಕಕ್ಕೆ ಸಿಗುವುದಿಲ್ಲ

ಸಂಜೆ ನಾಲ್ಕೂವರೆಗೆ ಮಡಿಕೇರಿ ಸುತ್ತಮುತ್ತಲ ಯಾವುದೇ ಬಸ್ ಸ್ಟಾಪಿನಲ್ಲಿ ಇಳಿಯುವ ಮಕ್ಕಳನ್ನು ನೋಡಿ. ಮೇನ್ ರೋಡಿನಿಂದ ಮನೆಗೆ ಹೋಗುವ ದಾರಿ ಒಂದೋ ಹತ್ತಬೇಕು, ಇಲ್ಲ ಇಳಿಯಬೇಕು. ಆರನೇ ಕ್ಲಾಸಿನ ಹುಡುಗಿ ಬೆನ್ನಿಗೆ ನಾಲ್ಕು ಕೆಜಿ ಬ್ಯಾಗು ಹಾಕಿಕೊಂಡು, ಕೈಯಲ್ಲೊಂದು ಕೊಡೆ ಹಿಡಿದು, ಕಾಫಿ ತೋಟದ ನಡುವಿನ ಏರಿನಲ್ಲಿ ಇಪ್ಪತ್ತು ನಿಮಿಷ ನಡೆಯುತ್ತಾಳೆ. ಗೇಟು ಮುಟ್ಟುವಷ್ಟರಲ್ಲಿ ಏದುಸಿರು, ಕೆನ್ನೆ ಕೆಂಪು, ಮಾತಾಡಿಸಿದರೆ ಅರ್ಧ ವಾಕ್ಯಕ್ಕೇ ನಿಲ್ಲುತ್ತಾಳೆ. ಅವಳ ಸೊಂಟಕ್ಕೆ ಮೈಯ ಅಲುಗಾಟ ಅಳೆಯುವ ಆಕ್ಸೆಲೆರೋಮೀಟರ್ ಎಂಬ ಸಾಧನ ಕಟ್ಟಿದ್ದರೆ ಈ ಇಪ್ಪತ್ತು ನಿಮಿಷದ ಬಹುಪಾಲು 'ಹಗುರ ಚಟುವಟಿಕೆ' ಎಂಬ ಖಾನೆಗೆ ಬೀಳುತ್ತದೆ. ಅಂದರೆ ಮಕ್ಕಳು ದಿನಕ್ಕೆ 60 ನಿಮಿಷ ಮಧ್ಯಮ ಅಥವಾ ತೀವ್ರ ಚಟುವಟಿಕೆ ಮಾಡಬೇಕೆಂಬ ಗುರಿಯ ಲೆಕ್ಕಕ್ಕೆ ಸೊನ್ನೆ. ಬೆಳಿಗ್ಗೆ ಅದೇ ದಾರಿಯಲ್ಲಿ ಅವಳು ದಡಬಡ ಇಳಿದದ್ದು ಮಾತ್ರ 'ಮಧ್ಯಮ' ಎಂದು ದಾಖಲಾಗಿರುತ್ತದೆ. ಉಸಿರು ಹಿಡಿದ ಕೆಲಸಕ್ಕೆ ಅಂಕವಿಲ್ಲ, ಸಲೀಸಾದ ಕೆಲಸಕ್ಕೆ ಅಂಕವಿದೆ.

ಯಂತ್ರ ಕೆಟ್ಟಿಲ್ಲ. ಸೊಂಟದಲ್ಲಿರುವ ಸಾಧನಕ್ಕೆ ಗೊತ್ತಾಗುವುದು ದೇಹದ ನಡುಭಾಗ ಎಷ್ಟು ಜೋರಾಗಿ ಕುಲುಕಿತು ಎಂಬುದು ಮಾತ್ರ. ಏರಿನಲ್ಲಿ ನಡಿಗೆ ನಿಧಾನವಾಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಕುಲುಕಾಟ ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಹಿಮ್ಮಡಿ ಧಪ್ಪೆಂದು ಬೀಳುವುದರಿಂದ ಎಣಿಕೆ ಏರುತ್ತದೆ, ಎದೆಬಡಿತ ಅಷ್ಟೇನೂ ಏರುವುದಿಲ್ಲ. ಬೆನ್ನ ಮೇಲಿನ ಬ್ಯಾಗಿನ ತೂಕವಂತೂ ಸಾಧನಕ್ಕೆ ತಿಳಿಯುವುದೇ ಇಲ್ಲ.

ವ್ಯತ್ಯಾಸ ಎಷ್ಟು ಎಂದು ಕೈಲೆಕ್ಕದಲ್ಲೇ ನೋಡಬಹುದು. ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆಯ ನಡಿಗೆ ಸೂತ್ರ ಹೀಗಿದೆ: ನಿಮಿಷಕ್ಕೆ ನಡೆದ ಮೀಟರನ್ನು 0.1ರಿಂದ ಗುಣಿಸಿ, ಅದೇ ವೇಗವನ್ನು 1.8ರಿಂದಲೂ ಏರಿನ ಪ್ರಮಾಣದಿಂದಲೂ ಗುಣಿಸಿ ಕೂಡಿಸಿ. ಕೊನೆಗೆ ವಿಶ್ರಾಂತಿಯ 3.5 ಸೇರಿಸಿ. ಬರುವ ಉತ್ತರ ಒಂದು ಕೆಜಿ ದೇಹತೂಕಕ್ಕೆ ನಿಮಿಷಕ್ಕೆ ಬೇಕಾಗುವ ಆಮ್ಲಜನಕ, ಮಿಲಿಲೀಟರಿನಲ್ಲಿ. ಗಂಟೆಗೆ 3 ಕಿ.ಮೀ. ವೇಗ ಎಂದರೆ ನಿಮಿಷಕ್ಕೆ 50 ಮೀಟರ್. ಸಮತಟ್ಟಿನಲ್ಲಿ 5 ಮತ್ತು 3.5 ಸೇರಿ 8.5. ನೂರು ಮೀಟರಿಗೆ 15 ಮೀಟರ್ ಏರುವ ದಾರಿಯಲ್ಲಿ ಇದಕ್ಕೆ ಇನ್ನೂ 13.5 ಸೇರಿ 22 ಆಗುತ್ತದೆ. ವೇಗ ಅದೇ, ಖರ್ಚು ಎರಡೂವರೆ ಪಟ್ಟು. ಸೂತ್ರ ಮಾಡಿದ್ದು ದೊಡ್ಡವರಿಗಾಗಿ, ಮಕ್ಕಳ ವಿಶ್ರಾಂತಿಯ ಖರ್ಚು ಇನ್ನೂ ಹೆಚ್ಚು, ಹಾಗಾಗಿ ಅಂಕಿಯನ್ನು ಇದ್ದಹಾಗೇ ಮಕ್ಕಳಿಗೆ ಹಚ್ಚುವಂತಿಲ್ಲ. ಆದರೆ ಏರು ಎಷ್ಟನ್ನು ನುಂಗುತ್ತದೆ ಎಂಬ ಅಂದಾಜಿಗೆ ಸಾಕು.

ಅರವತ್ತು ನಿಮಿಷದ ಗೆರೆ

5ರಿಂದ 17 ವರ್ಷದವರು ವಾರದುದ್ದಕ್ಕೂ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಮಾಡಬೇಕು, ಸ್ನಾಯು ಮತ್ತು ಮೂಳೆಗೆ ಬಲ ಕೊಡುವಂಥದ್ದು ವಾರಕ್ಕೆ ಮೂರು ದಿನವಾದರೂ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಇದರಲ್ಲಿ 'ಸರಾಸರಿ' ಎಂಬ ಮಾತು ಹೊಸದು. 2010ರ ಮಾರ್ಗಸೂಚಿ ಪ್ರತಿದಿನ ಕನಿಷ್ಠ 60 ನಿಮಿಷ ಎನ್ನುತ್ತಿತ್ತು. ಜುಲೈ ತಿಂಗಳ ಕೊಡಗಿನಲ್ಲಿ ಈ ಬದಲಾವಣೆ ಚಿಕ್ಕದೇನಲ್ಲ. ಎರಡು ದಿನ ಮಳೆ ರಜೆ, ಒಂದು ದಿನ ಬಿಸಿಲು, ಆ ಒಂದು ದಿನ ಮೈದಾನದಲ್ಲಿ ಎರಡು ಗಂಟೆ ಕುಣಿದಾಟ: ಇಂಥ ವಾರವನ್ನು ಹಳೆಯ ರೀತಿಯಲ್ಲಿ ಎಣಿಸಿದರೆ ಮಗು ನಾಪಾಸು, ಹೊಸ ರೀತಿಯಲ್ಲಿ ಪಾಸಾದರೂ ಆದೀತು. 2020ಕ್ಕಿಂತ ಹಿಂದಿನ ವರದಿಯನ್ನೂ ಈಚಿನ ವರದಿಯನ್ನೂ ಪಕ್ಕದಲ್ಲಿಟ್ಟು 'ಮಕ್ಕಳು ಸುಧಾರಿಸಿದ್ದಾರೆ' ಎಂದು ಬರೆಯುವವರು ಮೊದಲು ಯಾವ ರೀತಿಯಲ್ಲಿ ಎಣಿಸಲಾಗಿದೆ ಎಂದು ನೋಡಬೇಕು.

ಲೋಕದ 11ರಿಂದ 17ರ ವಯಸ್ಸಿನವರಲ್ಲಿ ಶೇ 81ರಷ್ಟು ಮಂದಿ ಈ ಗೆರೆ ಮುಟ್ಟುವುದಿಲ್ಲ ಎಂಬ ಅಂಕಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದು ಬಂದದ್ದು ಪ್ರಶ್ನಾವಳಿಗಳಿಂದ. ಪ್ರಶ್ನಾವಳಿಯೇ ತಪ್ಪೆಂದು ಹೇಳುತ್ತಿಲ್ಲ, ಆದರೆ ಕೇಳುವವರ ಊರು ಯಾವುದು ಎಂಬುದು ಅದರಲ್ಲಿ ಎದ್ದು ಕಾಣುತ್ತದೆ. ಶಾಲಾಮಕ್ಕಳಿಗೆ ಹೆಚ್ಚು ಬಳಕೆಯಾಗುವ ಪಿಎಕ್ಯೂ-ಸಿ ಎಂಬ ಏಳು ದಿನದ ಪ್ರಶ್ನಾವಳಿ ಕೆನಡಾದಲ್ಲಿ ಹುಟ್ಟಿದ್ದು. ಅದರ ಮೊದಲ ಪ್ರಶ್ನೆಯ ಆಟಗಳ ಪಟ್ಟಿಯಲ್ಲಿ ಬೀದಿ ಹಾಕಿ, ಒಳಾಂಗಣ ಹಾಕಿ, ಐಸ್ ಹಾಕಿ ಮೂರೂ ಇವೆ, ನಮ್ಮ ಹುಲ್ಲಿನ ಮೈದಾನದ ಹಾಕಿ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಶುರುಮಾಡಿದ ನಾಡಿನ ಮಗುವಿಗೆ ಆ ಪಟ್ಟಿಯನ್ನು ಹಾಗೇ ಅನುವಾದಿಸಿ ಕೊಟ್ಟರೆ ಏನಾಗುತ್ತದೆ ಊಹಿಸಿ. ಲಗೋರಿ, ಕುಂಟೆಬಿಲ್ಲೆ, ಖೋಖೋ, ಥ್ರೋಬಾಲ್ ಸೇರಿಸಿ, ಹಿಮದ ಆಟಗಳನ್ನು ತೆಗೆಯಲೇಬೇಕು. ಇನ್ನೊಂದು ಸೂಕ್ಷ್ಮ: ಆ ಪಟ್ಟಿಯಲ್ಲಿರುವುದು 'ವ್ಯಾಯಾಮಕ್ಕಾಗಿ ನಡಿಗೆ'. ದಿನಾ ಮೂರು ಕಿ.ಮೀ. ನಡೆದು ಬರುವ ಬುಡಕಟ್ಟು ಹಾಡಿಯ ಹುಡುಗ ಅದಕ್ಕೆ 'ಇಲ್ಲ' ಎಂದು ಗುರುತು ಹಾಕುತ್ತಾನೆ. ಅವನು ವ್ಯಾಯಾಮ ಮಾಡುತ್ತಿಲ್ಲ, ಶಾಲೆಗೆ ಬರುತ್ತಿದ್ದಾನೆ. ಎಲ್ಲ ಸೇರಿಸಿ ಕೊನೆಗೆ ಸಿಗುವುದು 1ರಿಂದ 5ರ ನಡುವಿನ ಒಂದು ಅಂಕ, ನಿಮಿಷಗಳಲ್ಲ. ಅದನ್ನು 60 ನಿಮಿಷದ ಗೆರೆಯ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.

ಹದಿನೈದು ಸೆಕೆಂಡಿನ ತುಂಡು

ಸಾಧನವನ್ನೇ ಕಟ್ಟುವುದಾದರೆ ಎಲ್ಲಿ, ಹೇಗೆ ಎಂಬುದರಿಂದ ಶುರು. ಎಲಾಸ್ಟಿಕ್ ಪಟ್ಟಿ, ಬಲ ಸೊಂಟದ ಮೂಳೆಯ ಮೇಲೆ, ಬಲ ತೊಡೆಯ ನಡುಗೆರೆಯ ನೇರಕ್ಕೆ. ಒಂದು ಬೆರಳು ತೂರುವಷ್ಟು ಮಾತ್ರ ಸಡಿಲ. ಇದಕ್ಕಿಂತ ಸಡಿಲವಾದರೆ ಸಾಧನ ತಾನೇ ಕುಣಿದು ಎಣಿಕೆ ಏರಿಸುತ್ತದೆ, ಬಿಗಿಯಾದರೆ ಮಧ್ಯಾಹ್ನದ ಊಟದ ನಂತರ ಮಗು ಬಿಚ್ಚಿಡುತ್ತದೆ. ಹುಡುಗಿಯರಿಗೆ ಯೂನಿಫಾರಂ ಒಳಗೆ ಕಟ್ಟುವುದೇ ಒಳ್ಳೆಯದು. ಹೊರಗೆ ಕಾಣಿಸಿದರೆ ಇಡೀ ಕ್ಲಾಸು ಮುಟ್ಟಿ ನೋಡುತ್ತದೆ. ಏಳು ದಿನ, ಎಚ್ಚರವಿರುವಷ್ಟು ಹೊತ್ತು. ಸ್ನಾನಕ್ಕೆ, ಹೊಳೆಗೆ ಇಳಿಯುವಾಗ ತೆಗೆದಿಡಬೇಕು. ಕನಿಷ್ಠ 10 ಗಂಟೆ ಕಟ್ಟಿದ ದಿನವೇ ಲೆಕ್ಕಕ್ಕೆ ಬರುವ ದಿನ. ಅಂಥ ನಾಲ್ಕು ದಿನ ಸಿಗಬೇಕು, ಅದರಲ್ಲಿ ಒಂದು ರಜಾದಿನ ಇರಬೇಕು. ಇದು ಸಾಮಾನ್ಯವಾಗಿ ಎಲ್ಲರೂ ಪಾಲಿಸುವ ನಿಯಮ.

ಮೊದಲ ದಿನದ ದತ್ತಾಂಶವನ್ನು ಬಿಟ್ಟುಬಿಡುವುದು ನನ್ನ ಪ್ರಕಾರ ಜಾಣತನ. ಹೊಸ ಬೆಲ್ಟು ಸಿಕ್ಕ ಮಗು ಅದನ್ನು ಪರೀಕ್ಷಿಸಲೆಂದೇ ಓಡುತ್ತದೆ.

ತೊಡಕಿನ ಭಾಗ ಇರುವುದು ಎಪಾಕ್ ಎಂದು ಕರೆಯುವ ಕಾಲದ ತುಂಡಿನಲ್ಲಿ. ಸಾಧನ ಸೆಕೆಂಡಿಗೆ ಮೂವತ್ತು ಸಲವೋ ನೂರು ಸಲವೋ ಅಳೆದದ್ದನ್ನು ನಾವು 60 ಸೆಕೆಂಡಿಗೆ ಒಟ್ಟು ಮಾಡುತ್ತೇವೋ, 15 ಸೆಕೆಂಡಿಗೋ ಎಂಬುದರ ಮೇಲೆ ಮಗುವಿನ ಹಣೆಬರಹ ನಿಂತಿದೆ. ಮಕ್ಕಳು ದೊಡ್ಡವರ ಹಾಗೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಡುವವರಲ್ಲ. 1995ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅವಲೋಕನದಲ್ಲಿ ಮಕ್ಕಳ ತೀವ್ರ ಚಟುವಟಿಕೆಯ ಒಂದೊಂದು ತುಣುಕಿನ ಮಧ್ಯಾಂಕ ಅವಧಿ ಬರೀ 3 ಸೆಕೆಂಡ್. ಶೇ 95ರಷ್ಟು ತುಣುಕುಗಳು 15 ಸೆಕೆಂಡಿಗಿಂತ ಕಡಿಮೆ. ಲಗೋರಿ ನೆನಪಿಸಿಕೊಂಡರೆ ಇದರಲ್ಲಿ ಆಶ್ಚರ್ಯವೇನಿಲ್ಲ: ಚೆಂಡು ಬೀಳುತ್ತಲೇ ಚದುರು, ನಿಲ್ಲು, ಬಗ್ಗು, ಮತ್ತೆ ಓಡು.

ಈಗ ಒಂದು ನಿಮಿಷದ ಲಗೋರಿ ತೆಗೆದುಕೊಳ್ಳಿ. ಮೊದಲ 15 ಸೆಕೆಂಡಿನಲ್ಲಿ ಓಟ, ಸಾಧನದ ಎಣಿಕೆ 1200 ಕೌಂಟ್. ಆಮೇಲೆ ನಿಂತು ನೋಡುವುದು: 100, 80, 60. ಮಕ್ಕಳಿಗೆ ಹೆಚ್ಚು ಒಪ್ಪಿತವಾಗಿರುವ ಈವನ್ಸನ್ ಮತ್ತು ಸಂಗಡಿಗರು ಗೊತ್ತುಮಾಡಿದ ಗೆರೆಗಳ ಪ್ರಕಾರ 15 ಸೆಕೆಂಡಿಗೆ 25ರವರೆಗೆ ಜಡ, 573ರವರೆಗೆ ಹಗುರ, 574ರಿಂದ ಮಧ್ಯಮ, 1003ರಿಂದ ತೀವ್ರ. ಹಾಗಾಗಿ ಈ ಮಗುವಿಗೆ ಕಾಲು ನಿಮಿಷದ ತೀವ್ರ ಚಟುವಟಿಕೆ ಸಿಕ್ಕಿತು. ಇದನ್ನೇ 60 ಸೆಕೆಂಡಿನ ತುಂಡಾಗಿ ಓದಿದರೆ ಒಟ್ಟು 1440. ನಿಮಿಷದ ಮಧ್ಯಮ ಗೆರೆ 2296. ಇಡೀ ನಿಮಿಷ 'ಹಗುರ'ಕ್ಕೆ ಹೋಯಿತು. ಒಂದು ಗಂಟೆಯ ಆಟವೆಲ್ಲ ಹೀಗೇ ಇದ್ದರೆ ಮೊದಲನೆಯ ರೀತಿಯಲ್ಲಿ 15 ನಿಮಿಷ, ಎರಡನೆಯದರಲ್ಲಿ ಸೊನ್ನೆ. ಒಂದೇ ಮಗು, ಒಂದೇ ಫೈಲು. ಕಚ್ಚಾ ದತ್ತಾಂಶವನ್ನು ಅಳಿಸದೆ ಇಟ್ಟುಕೊಳ್ಳಬೇಕು ಎಂದು ಹಳಬರು ಹೊಡೆದುಕೊಳ್ಳುವುದು ಇದಕ್ಕೇ: ತುಂಡನ್ನು ಆಮೇಲೆ ಬದಲಿಸಬಹುದು, ದೊಡ್ಡ ತುಂಡಾಗಿ ಉಳಿಸಿದ್ದನ್ನು ಮತ್ತೆ ಒಡೆಯಲಾಗದು.

ಮಣಿಕಟ್ಟಿಗೆ ಕಟ್ಟಿದರೆ ಮಕ್ಕಳು ಬಿಚ್ಚುವುದು ಕಡಿಮೆ, ನಿದ್ದೆಯ ಲೆಕ್ಕವೂ ಸಿಗುತ್ತದೆ. ಆದರೆ ಸೊಂಟದ ಗೆರೆಗಳು ಮಣಿಕಟ್ಟಿಗೆ ಹೊಂದುವುದಿಲ್ಲ, ಅದಕ್ಕೆ ಬೇರೆಯೇ ಗೆರೆಗಳಿವೆ. ಈ ಎರಡನ್ನೂ ಬೆರೆಸಿ ಒಂದೇ ಕೋಷ್ಟಕ ಮಾಡುವುದು ಈಗಲೂ ನಡೆಯುತ್ತಿದೆ.

ಜೀಪು, ಮಳೆ, ಆನೆ

ಕೊಡಗಿನಲ್ಲಿ ದತ್ತಾಂಶ ಕೆಡುವ ದಾರಿಗಳು ಕೊಡಗಿನವೇ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ಕಾಟ ಇರುವಲ್ಲಿ ಮಕ್ಕಳನ್ನು ನಡೆಸಿ ಕಳಿಸುವವರು ಕಡಿಮೆ. ತೋಟದ ಜೀಪೋ ಆಟೋವೋ ಬರುತ್ತದೆ. ಗುಂಡಿಬಿದ್ದ ತೋಟದ ರಸ್ತೆಯಲ್ಲಿ ಜೀಪು ಕುಲುಕಿದಷ್ಟೂ ಸಾಧನ ಎಣಿಸುತ್ತದೆ. ಅಗ್ಗದ ಪೆಡೋಮೀಟರಿನಲ್ಲಂತೂ ಕುಳಿತಲ್ಲೇ ಹೆಜ್ಜೆಗಳು ಬೀಳುತ್ತವೆ. ಫೈಲಿನಲ್ಲಿ ಇದು ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿನಲ್ಲಿ, ಒಂದೇ ಸಮನಾದ ಸಣ್ಣ ಎಣಿಕೆಯ ಪಟ್ಟಿಯಾಗಿ ಕಾಣುತ್ತದೆ. ನಡಿಗೆಯಾದರೆ ಏರಿಳಿತ ಹೆಚ್ಚು. ದಿನಚರಿ ಚೀಟಿಯಲ್ಲಿ 'ಜೀಪು, ಎಷ್ಟು ಗಂಟೆಯಿಂದ ಎಷ್ಟರವರೆಗೆ' ಎಂಬ ಸಾಲಿಲ್ಲದಿದ್ದರೆ ಇದನ್ನು ಗುರುತಿಸುವುದು ಕಷ್ಟ. ಹೀಗಾಗಿ ಏರು ಹತ್ತುವ ಮಗುವಿಗೆ ಕಡಿಮೆ ಎಣಿಕೆ, ಜೀಪಿನಲ್ಲಿ ಕುಳಿತ ಮಗುವಿಗೆ ಒಂದಿಷ್ಟು ಉಚಿತ ಎಣಿಕೆ.

ಮಳೆಗಾಲದ ಸಮಸ್ಯೆ ಬೇರೆ. ಒದ್ದೆಯಾದ ಎಲಾಸ್ಟಿಕ್ ಪಟ್ಟಿ ಜುಲೈನಲ್ಲಿ ಮೂರು ದಿನವಾದರೂ ಒಣಗುವುದಿಲ್ಲ, ಬೂಷ್ಟು ಹಿಡಿದು ಚರ್ಮ ತುರಿಸುತ್ತದೆ. ಪ್ರತಿ ಮಗುವಿಗೂ ಎರಡೆರಡು ಪಟ್ಟಿ ಕೊಡದೆ ಮಳೆಗಾಲದಲ್ಲಿ ಅಳೆಯಲು ಹೋಗಬಾರದು. ಬಿಚ್ಚಿಟ್ಟ ಹೊತ್ತನ್ನು ಗುರುತಿಸಲು ಸಾಮಾನ್ಯವಾಗಿ ಒಂದೇ ಸಮನೆ 20 ನಿಮಿಷ ಸೊನ್ನೆ ಬಂದರೆ 'ಕಟ್ಟಿರಲಿಲ್ಲ' ಎಂದು ತೆಗೆದುಹಾಕುತ್ತಾರೆ. ಹೊರಗೆ ಧೋ ಎಂದು ಸುರಿಯುವಾಗ ಒಲೆಯ ಹತ್ತಿರ ಮೊಬೈಲು ಹಿಡಿದು ಕೂತ ಮಗು 20 ನಿಮಿಷ ಅಲ್ಲಾಡದೆ ಇರುವುದು ಏನೂ ಕಷ್ಟವಲ್ಲ. ಆ ಜಡ ಹೊತ್ತು ಲೆಕ್ಕದಿಂದಲೇ ಮಾಯವಾಗುತ್ತದೆ, ದಿನ ನೋಡಲು ಚುರುಕಾಗಿ ಕಾಣುತ್ತದೆ. ಮಳೆಗಾಲಕ್ಕೆ 20ರ ಬದಲು 60 ನಿಮಿಷ ಸೊನ್ನೆ ಬಂದರೆ ಮಾತ್ರ ತೆಗೆಯುವ ನಿಯಮ ಇಟ್ಟುಕೊಂಡು ಚೀಟಿಯ ಜೊತೆ ತಾಳೆ ನೋಡುವುದು ಲೇಸು.

ಋತು ಒಂದೇ ಸಾಲದು. ಜನವರಿ–ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳ ರಜಾದಿನಗಳು ತಂದೆತಾಯಿಯ ಜೊತೆ ತೋಟದಲ್ಲಿ ಕಳೆಯುತ್ತವೆ. ಆಗ ಅಳೆದರೆ ಅವರು 'ಅತ್ಯಂತ ಚಟುವಟಿಕೆಯ ಮಕ್ಕಳು'. ಸಾಧನಕ್ಕೆ ಆಟಕ್ಕೂ ದುಡಿಮೆಗೂ ವ್ಯತ್ಯಾಸ ತಿಳಿಯದು. ವರದಿ ಬರೆಯುವವರಿಗೆ ತಿಳಿಯಬೇಕು. ಚೀಲ ಹೊತ್ತ ನಿಮಿಷಗಳನ್ನು ಆರೋಗ್ಯಕರ ಜೀವನಶೈಲಿ ಎಂದು ಹೊಗಳುವ ವರದಿ ನಾಚಿಕೆಗೇಡು. ಪುತ್ತರಿ ಹಬ್ಬದ ವಾರ, ಕೈಲ್‌ಪೊಳ್ದ್ ಹಬ್ಬದ ವಾರ, ಶಾಲಾ ಕ್ರೀಡಾಕೂಟದ ತಾಲೀಮಿನ ವಾರ ಇವನ್ನೆಲ್ಲ ಬಿಡಿ. ಅದೇ ಮಕ್ಕಳನ್ನು ಒಮ್ಮೆ ಫೆಬ್ರವರಿಯಲ್ಲಿ, ಒಮ್ಮೆ ಜುಲೈನಲ್ಲಿ ಅಳೆದರೆ ಮಾತ್ರ ವರ್ಷದ ಚಿತ್ರ ಸಿಗುತ್ತದೆ.

ಸಾಧನ ಇಲ್ಲದ ಶಾಲೆಯಲ್ಲಿ

ಹೆಚ್ಚಿನ ಶಾಲೆಗಳಲ್ಲಿ ಇರುವುದು ಒಬ್ಬ ಪಿಟಿ ಮೇಷ್ಟ್ರು, ಒಂದು ವಿಸಲು, ಒಂದು ಇಳಿಜಾರು ಮೈದಾನ. ಇದರಲ್ಲೂ ಮಾಡಬಹುದಾದ ಕೆಲಸ ಇದೆ. ಸಾಫಿಟ್ ಎಂಬ ಅವಲೋಕನ ಪದ್ಧತಿಗೆ ವಾಚು, ಪೆನ್ಸಿಲು ಸಾಕು. ಮೇಷ್ಟ್ರು ಪಾಠ ನಡೆಸುವಾಗ ಇನ್ನೊಬ್ಬರು ಪಕ್ಕಕ್ಕೆ ನಿಂತು, ಆರಿಸಿದ ಒಬ್ಬ ವಿದ್ಯಾರ್ಥಿಯನ್ನು 10 ಸೆಕೆಂಡ್ ನೋಡುವುದು, ಮುಂದಿನ 10 ಸೆಕೆಂಡಿನಲ್ಲಿ ಬರೆಯುವುದು: ಮಲಗಿದ್ದರೆ 1, ಕುಳಿತಿದ್ದರೆ 2, ನಿಂತಿದ್ದರೆ 3, ನಡೆಯುತ್ತಿದ್ದರೆ 4, ಅದಕ್ಕಿಂತ ಚುರುಕಾಗಿದ್ದರೆ 5. ನಾಲ್ಕು ನಿಮಿಷಕ್ಕೊಮ್ಮೆ ಮುಂದಿನ ವಿದ್ಯಾರ್ಥಿ. 4 ಮತ್ತು 5 ಸೇರಿ ಪಿರಿಯಡ್ಡಿನ ಅರ್ಧ ಹೊತ್ತಾದರೂ ಇರಬೇಕೆಂಬುದು ಗುರಿ. ಎಣಿಸಿ ನೋಡಿದ ಮೇಷ್ಟ್ರಿಗೆ ಮೊದಲು ಕಾಣುವುದು ಸಾಮಾನ್ಯವಾಗಿ 3ರ ಸಾಲು: ಲೈನ್ ನಿಲ್ಲಿಸುವುದು, ಹಾಜರಿ, ತಂಡ ಆರಿಸುವುದು, ಒಂದೇ ಬಾಲಿಗೆ ನಲವತ್ತು ಮಕ್ಕಳು ಕಾಯುವುದು. ಬಾಲು ಹೆಚ್ಚಿಸಿ ತಂಡ ಚಿಕ್ಕದು ಮಾಡಿದರೆ ಮಕ್ಕಳಿಗೆ ಒಂದು ಮಾತೂ ಹೇಳದೆ 3ಗಳು 5ಗಳಾಗುತ್ತವೆ.

ನಾಡಿ ಎಣಿಸುವುದು ಇನ್ನೊಂದು ದಾರಿ, ಏರು ದಾರಿಯನ್ನು ಲೆಕ್ಕಕ್ಕೆ ತರುವ ಸುಲಭದ ದಾರಿಯೂ ಹೌದು. ಮಗು ಏರಿನ ತುದಿ ಮುಟ್ಟಿ ನಿಂತ ಕೂಡಲೇ, ಕುಳ್ಳಿರಿಸದೆ, ಮಣಿಕಟ್ಟಿನಲ್ಲೋ ಕತ್ತಿನ ಪಕ್ಕದಲ್ಲೋ 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿ. ಇಡೀ ನಿಮಿಷ ಎಣಿಸಲು ಹೋದರೆ ಅಷ್ಟರಲ್ಲಿ ಬಡಿತ ಇಳಿದುಹೋಗುತ್ತದೆ. 24 ಬಂದರೆ ನಿಮಿಷಕ್ಕೆ 144; ಮಕ್ಕಳಲ್ಲಿ 140ರ ಮೇಲೆ ಹೋದರೆ ಮಧ್ಯಮ ಮಟ್ಟ ದಾಟಿತು ಎಂಬುದು ಹಳೆಯ ಅಂದಾಜು. ಹೆದರಿದ ಮಗುವಿನ ಬಡಿತವೂ ಏರುತ್ತದೆ ಎಂಬುದನ್ನು ಮರೆಯಬಾರದು.

ಪೆಡೋಮೀಟರ್ ಇದ್ದರೆ ಕಟ್ಟಿ, 20 ಹೆಜ್ಜೆ ನಡೆಸಿ ನೋಡಿ. 19ರಿಂದ 21ರೊಳಗೆ ತೋರಿಸದಿದ್ದರೆ ಜಾಗ ಸರಿಸಿ, ಮತ್ತೂ ತಪ್ಪಿದರೆ ಆ ಪೆಡೋಮೀಟರ್ ಬೇಡ. 10,000 ಹೆಜ್ಜೆ ಎಂಬ ಗುರಿ 1965ರ ಜಪಾನಿನ ಪೆಡೋಮೀಟರ್ ಮಾರಾಟದ ಹೆಸರಿನಿಂದ ಹರಡಿದ್ದು, ಮಕ್ಕಳಿಗಾಗಿ ಮಾಡಿದ್ದಲ್ಲ. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ 60 ನಿಮಿಷಕ್ಕೆ ಸಮನಾಗುವುದು ಹುಡುಗರಿಗೆ 13,000ದಿಂದ 15,000, ಹುಡುಗಿಯರಿಗೆ 11,000ದಿಂದ 12,000 ಹೆಜ್ಜೆ.

ಫಿಟ್ ಇಂಡಿಯಾ ಪರೀಕ್ಷೆಯ 600 ಮೀಟರ್ ಓಟ, 50 ಮೀಟರ್ ಓಟಗಳು ಅಳೆಯುವುದು ಚಟುವಟಿಕೆಯನ್ನಲ್ಲ, ದೇಹದ ಕ್ಷಮತೆಯನ್ನು. ಎರಡೂ ಬೇಕು, ಆದರೆ ಒಂದರ ಬದಲು ಇನ್ನೊಂದಲ್ಲ. ನಮ್ಮ ಮೈದಾನಗಳಲ್ಲಿ 600 ಮೀಟರಿಗೆ ಐದಾರು ಸುತ್ತು ಬೇಕು, ಸುತ್ತಿನ ಅರ್ಧ ಏರು ಅರ್ಧ ಇಳಿಜಾರು, ಹಾಗಾಗಿ ಬೇರೆ ಜಿಲ್ಲೆಯ ಸಮಯದ ಜೊತೆ ಹೋಲಿಕೆ ನ್ಯಾಯವಲ್ಲ. 20 ಮೀಟರ್ ಶಟಲ್ ಓಟಕ್ಕೆ ಸಮತಟ್ಟಾದ 22 ಮೀಟರ್ ಸಾಕು, ಗಂಟೆಗೆ 8.5 ಕಿ.ಮೀ. ವೇಗದಿಂದ ಶುರುವಾಗಿ ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಏರುತ್ತದೆ. ಓಡಿಸುವ ಮೊದಲು ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇರುವ ಮಕ್ಕಳು ಯಾರು ಎಂದು ಆರೋಗ್ಯ ಕಾರ್ಡು ನೋಡಿ. ಹಾಡಿಗಳ ಮಕ್ಕಳಿರುವ ಶಾಲೆಯಲ್ಲಿ ಇದು ಕಡ್ಡಾಯ. ಅವರನ್ನು ವೈದ್ಯರ ಮಾತಿಲ್ಲದೆ ಸುಸ್ತಾಗುವವರೆಗೆ ಓಡಿಸಬಾರದು.

ಆರೋಗ್ಯದ ಜೊತೆ ಗಂಟು ಹಾಕುವಾಗ

ಹಲವು ದೇಶಗಳ ಆಕ್ಸೆಲೆರೋಮೀಟರ್ ದತ್ತಾಂಶ ಒಟ್ಟುಗೂಡಿಸಿ 20,871 ಮಕ್ಕಳನ್ನು ನೋಡಿದ 2012ರ ಅಧ್ಯಯನದಲ್ಲಿ ಮಧ್ಯಮ-ತೀವ್ರ ಚಟುವಟಿಕೆ ಹೆಚ್ಚಿದ್ದವರ ಸೊಂಟದ ಸುತ್ತಳತೆ, ರಕ್ತದೊತ್ತಡ, ಇನ್ಸುಲಿನ್, ಕೊಬ್ಬಿನ ಅಂಶಗಳು ಚೆನ್ನಾಗಿದ್ದವು, ಎಷ್ಟು ಹೊತ್ತು ಕುಳಿತಿದ್ದರು ಎಂಬುದನ್ನು ಲೆಕ್ಕಿಸದೆ. ಆದರೆ ಅದೇ ಅಧ್ಯಯನದಲ್ಲಿ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದಾಗ ಚಟುವಟಿಕೆಯಿಂದ ಮುಂದಿನ ಸೊಂಟದ ಅಳತೆಯನ್ನು ಊಹಿಸಲು ಆಗಲಿಲ್ಲ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 7ರಿಂದ 10 ವರ್ಷದವರೆಗೆ ಮಕ್ಕಳನ್ನು ನೋಡಿದ ಅರ್ಲಿಬರ್ಡ್ ಅಧ್ಯಯನ ಇನ್ನೂ ನೇರವಾಗಿ ಹೇಳಿತು: ಮೊದಲು ಮೈಯಲ್ಲಿ ಕೊಬ್ಬು ಹೆಚ್ಚಿದ್ದ ಮಕ್ಕಳು ಆಮೇಲೆ ಕಡಿಮೆ ಓಡಾಡಿದರು, ಕಡಿಮೆ ಓಡಾಡಿದ್ದರಿಂದ ದಪ್ಪಗಾದರು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಒಂದೇ ದಿನ ಅಳೆದು 'ಆಡದ ಮಕ್ಕಳು ದಪ್ಪಗಾಗುತ್ತಾರೆ' ಎನ್ನುವವರು ಇದನ್ನು ಓದಬೇಕು. ಓಟ ಮತ್ತು ಆಟದ ಲಾಭ ಹೃದಯಕ್ಕೆ, ರಕ್ತದ ಸಕ್ಕರೆಗೆ, ಮೂಳೆಗೆ ಇದೆ. ತೂಕದ ಮುಳ್ಳು ಅಲುಗದಿದ್ದರೂ ಇದೆ. ಮೂಳೆಗಂತೂ ಜಿಗಿತ, ಇಳಿಜಾರಿನ ಧಪ್ ಧಪ್ ಬೇಕೇ ಬೇಕು. ಬೆಳಗಿನ ಇಳಿಜಾರು ಅಷ್ಟು ಮಟ್ಟಿಗೆ ದಂಡವಲ್ಲ.

ನಮ್ಮಲ್ಲಿ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಒಂದನ್ನೇ ನಂಬುವುದೂ ಕಷ್ಟ. ಭಾರತೀಯ ಮಕ್ಕಳಲ್ಲಿ ತೂಕ ಕಡಿಮೆ ಕಂಡರೂ ಕೊಬ್ಬಿನ ಪಾಲು ಹೆಚ್ಚಿರುವುದರಿಂದ ಭಾರತೀಯ ಮಕ್ಕಳ ವೈದ್ಯರ ಸಂಘ 2015ರ ನಕ್ಷೆಗಳಲ್ಲಿ ಅತಿತೂಕ ಮತ್ತು ಬೊಜ್ಜಿನ ಗೆರೆಗಳನ್ನು ವಯಸ್ಕರ 25 ಮತ್ತು 30ರ ಬದಲು 23 ಮತ್ತು 27ಕ್ಕೆ ಸಮನಾಗಿ ಎಳೆದಿದೆ. ಜೊತೆಗೆ ಸೊಂಟದ ಸುತ್ತಳತೆ ತೆಗೆಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಉಸಿರು ಬಿಟ್ಟ ಮೇಲೆ. ಅದು ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಗಮನ ಕೊಡಿ. ಹಿಮೋಗ್ಲೋಬಿನ್ ನೋಡದೆ 'ಸೋಮಾರಿ' ಎನ್ನಬೇಡಿ. 5ರಿಂದ 11 ವರ್ಷದಲ್ಲಿ ಅದು ಒಂದು ಡೆಸಿಲೀಟರ್ ರಕ್ತಕ್ಕೆ 11.5 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, ಆ ಮಗು ಏರಿನಲ್ಲಿ ಕುಳಿತುಬಿಡುವುದಕ್ಕೆ ಅದೇ ಕಾರಣವಿರಬಹುದು.

ಇಲ್ಲಿಗೇ ಏರು ದಾರಿ ಮತ್ತೆ ಅಡ್ಡ ಬರುತ್ತದೆ. ಅಳತೆಯ ತಪ್ಪು ಎಲ್ಲ ಮಕ್ಕಳಲ್ಲೂ ಅಡ್ಡಾದಿಡ್ಡಿಯಾಗಿ ಹರಡಿದ್ದರೆ ಚಟುವಟಿಕೆ ಮತ್ತು ಆರೋಗ್ಯದ ನಂಟು ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ, ಅಷ್ಟೇ. ಇಲ್ಲಿನ ತಪ್ಪು ಹಾಗಲ್ಲ, ಒಂದೇ ಕಡೆಗೆ ವಾಲುತ್ತದೆ. ಏರು ಹತ್ತಿ ಮನೆ ಸೇರುವ, ಗಟ್ಟಿಮುಟ್ಟಾದ, ತೆಳ್ಳಗಿನ ಮಕ್ಕಳಿಗೆಲ್ಲ ಕಡಿಮೆ ನಿಮಿಷ. ಪಟ್ಟಣದ ಸಪಾಟು ಬಡಾವಣೆಯಲ್ಲಿ ಇರುವವರಿಗೆ, ಜೀಪಿನಲ್ಲಿ ಬರುವವರಿಗೆ ಹೆಚ್ಚು ನಿಮಿಷ. ಈ ಕೋಷ್ಟಕದಿಂದ 'ಕೊಡಗಿನಲ್ಲಿ ಚಟುವಟಿಕೆಗೂ ಮೈತೂಕಕ್ಕೂ ಸಂಬಂಧವಿಲ್ಲ' ಎಂಬ ತೀರ್ಮಾನ ಬಂದರೆ ಅದು ಮಕ್ಕಳ ಬಗ್ಗೆ ಅಲ್ಲ, ಬೆಟ್ಟದ ಬಗ್ಗೆ ಬಂದ ತೀರ್ಮಾನ. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಗುಂಪಿನಲ್ಲಿ ಆಕ್ಸೆಲೆರೋಮೀಟರನ್ನು ಗುರುತು ಹಾಕಿದ ನೀರಿನ ಪದ್ಧತಿಯ ಜೊತೆ ಹೋಲಿಸಿ ನೋಡಿದ್ದಾರೆ. ಆ ಪದ್ಧತಿಯಲ್ಲಿ ಜಲಜನಕ ಮತ್ತು ಆಮ್ಲಜನಕದ ಭಾರದ ರೂಪಗಳಿರುವ ನೀರು ಕುಡಿಸಿ, ಮೂತ್ರದಲ್ಲಿ ಅವು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂಬುದರಿಂದ ಒಂದೆರಡು ವಾರದ ಒಟ್ಟು ಶಕ್ತಿವ್ಯಯ ಕಂಡುಹಿಡಿಯುತ್ತಾರೆ. ಏರೂ ಹೊರೆಯೂ ಅದರಲ್ಲಿ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಖರ್ಚು ವಿಪರೀತ, ಯಾವ ಹೊತ್ತಿನಲ್ಲಿ ಏನು ಮಾಡಿದರೆಂದೂ ತಿಳಿಯುವುದಿಲ್ಲ.

ಅಷ್ಟು ದೂರ ಹೋಗಲಾಗದವರಿಗೆ ಚೀಟಿಯಲ್ಲಿ ನಾಲ್ಕು ಸಾಲು ಸಾಕು: ಮನೆಯಿಂದ ಶಾಲೆಗೆ ನಡಿಗೆಯೋ ಗಾಡಿಯೋ, ಎಷ್ಟು ನಿಮಿಷ, ಹೋಗುವಾಗ ಏರೋ ಬರುವಾಗ ಏರೋ, ಬ್ಯಾಗಿನ ತೂಕ ಎಷ್ಟು. ಮನೆ ಮತ್ತು ಬಸ್ ಸ್ಟಾಪಿನ ಎತ್ತರದ ವ್ಯತ್ಯಾಸವನ್ನು ಮೊಬೈಲಿನ ನಕ್ಷೆಯಲ್ಲಿ ನೋಡಿ ಬರೆದುಕೊಂಡರೆ ಮೇಲಿನ ಸೂತ್ರ ಹಚ್ಚಿ ಏರಿನ ನಿಮಿಷಗಳನ್ನು ಬೇರೆಯಾಗಿ ತೋರಿಸಬಹುದು. ಸಾಧನದ ಅಂಕಿಗೆ ಅದನ್ನು ಕೂಡಿಸಿಬಿಡಬಾರದು, ಪಕ್ಕದ ಕಾಲಮ್ಮಿನಲ್ಲಿ ಇಡಬೇಕು. ಬೇರೆ ಜಿಲ್ಲೆಯವರು ಹೋಲಿಸುವಾಗ ಮೊದಲನೆಯ ಕಾಲಮ್ಮೇ ಬೇಕಾಗುತ್ತದೆ. ಬ್ಯಾಗು ಮಗುವಿನ ತೂಕದ ಶೇ 10 ಮೀರಬಾರದು ಎಂಬುದು 2020ರ ಶಾಲಾ ಬ್ಯಾಗ್ ನೀತಿ. ತೂಗಿದ ಕೂಡಲೇ ಅದನ್ನೂ ಮುಖ್ಯ ಶಿಕ್ಷಕರಿಗೆ ತಿಳಿಸಿಬಿಡಿ, ವರದಿ ಬರುವವರೆಗೆ ಕಾಯಬೇಡಿ. ಮನೆಗೆ ಕಳಿಸುವ ಹಾಳೆಯಲ್ಲಿ ಬಿಎಂಐ ವರ್ಗ ಬರೆಯದೆ ನಿಮಿಷ, ನಿದ್ದೆ, ಹಿಮೋಗ್ಲೋಬಿನ್ ಇಷ್ಟನ್ನೇ ಬರೆಯಿರಿ. ಆ ಹಾಳೆಯನ್ನು ಬಸ್ಸಿನಲ್ಲಿ ಅಕ್ಕಪಕ್ಕದ ಮಕ್ಕಳೇ ಮೊದಲು ಓದುತ್ತಾರೆ.